ಅಮ್ಮನ ಬೆನ್ನಿಗೊಂದು ಹಾಸಿಗೆ

ಅಮ್ಮನ ಸೊಂಟನೋವಿಗೆ ಗಟ್ಟಿ ಹಾಸಿಗೆ ಬೇಕಿತ್ತು. ಕೈಯಲ್ಲಿದ್ದದ್ದು 8,000 ರೂಪಾಯಿ. ತುಮಕೂರಿನಲ್ಲಿ ಹೊಕ್ಕ ಅಂಗಡಿಯಲ್ಲೆಲ್ಲ ‘ಆರ್ಥೋ’ ಎಂಬ ಚೀಟಿ. ಒಳಗೇನಿದೆ ಎಂದರೆ ಉತ್ತರವಿಲ್ಲ. ಆ ಪದಕ್ಕೆ ದುಡ್ಡು ಸುರಿಯಬೇಡಿ. ಫೋಮ್ ಆದರೆ ಸಾಂದ್ರತೆ ಕೇಳಿ, ಅದು ಕಡಿಮೆಯಿದ್ದರೆ ಬೇಗ ಗುಳಿ ಬೀಳುತ್ತದೆ.

ನಾನು ಕೊಂಡದ್ದು ತೆಂಗಿನ ನಾರನ್ನು ರಬ್ಬರ್ ಹಾಲಿನಲ್ಲಿ ಬೆಸೆದ ನಾಲ್ಕಿಂಚಿನ ಹಾಸಿಗೆ. ಗಾಳಿಯಾಡುತ್ತದೆ, ಬೇಸಿಗೆಯಲ್ಲಿ ಬೆನ್ನು ಬೇಯುವುದಿಲ್ಲ. ಆದರೆ ಬಂಡೆಯಂತಿದ್ದರೂ ಕಷ್ಟವೇ. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನದಲ್ಲಿ, ಬೆನ್ನುನೋವಿನ 313 ಮಂದಿಯ ಪೈಕಿ ಮಧ್ಯಮ ಗಟ್ಟಿಯದರಲ್ಲಿ ಮಲಗಿದವರಿಗೇ ಹೆಚ್ಚು ಆರಾಮವಾಗಿತ್ತು. ಅದಕ್ಕೇ ಅಜ್ಜಿಯ ಕಾಲದ ಹತ್ತಿಯನ್ನು ಪಿಂಜಾರರ ಹತ್ತಿರ ಹಿಂಜಿಸಿ, ತೆಳ್ಳಗೆ ಹೊಲಿಸಿ ಮೇಲೆ ಹಾಸಿದೆ. ಅಮ್ಮ ಈಗ ಬೆಳಿಗ್ಗೆ ಗೋಡೆ ಹಿಡಿಯದೆ ಏಳುತ್ತಾಳೆ.