ಒಂಟೆ ಹಿಂದೆ ಸರಿದದ್ದೇಕೆ?

2002ರಲ್ಲಿ ವಿಶ್ವನಾಥನ್ ಆನಂದ್ ಹೈದರಾಬಾದಿನಲ್ಲೇ ಫಿಡೆ ವಿಶ್ವಕಪ್ ಗೆದ್ದರು. 2024ರ ಡಿಸೆಂಬರಿನಲ್ಲಿ ವರಂಗಲ್ಲಿನ ಅರ್ಜುನ್ ಎರಿಗೈಸಿ 2801 ರೇಟಿಂಗ್ ಮುಟ್ಟಿದರು. ಆನಂದ್ ಬಿಟ್ಟರೆ ಆ ಎತ್ತರಕ್ಕೇರಿದ ಇನ್ನೊಬ್ಬ ಭಾರತೀಯ ಅವರೇ. ಈ ಹೈದರಾಬಾದ್ ಸೀಮೆಯ ಚದುರಂಗದ ಲೆಕ್ಕ ತೆಗೆದರೆ ಆಟದ ಕಡೆ ಜಮೆಗೆ ಕೊರತೆಯಿಲ್ಲ. ಸಮಸ್ಯಾರಚನೆಯ ಪುಟ ತಿರುವಿದರೆ ಮಾತ್ರ ಬೇಸರವಾಗುತ್ತದೆ.

ಸಮಸ್ಯೆಯಲ್ಲಿ ಗೆಲುವು ಮೊದಲೇ ನಿಶ್ಚಿತ. ಬಿಳಿ ಆಡಿ ಇಷ್ಟು ನಡೆಗಳಲ್ಲಿ ಮೇಟ್ ಮಾಡಬೇಕು, ಅಷ್ಟೆ. ಯಾವ ಕಾಯಿ ಯಾವ ದಾರಿ ಹಿಡಿದು, ಯಾರಿಗೆ ಅಡ್ಡವಾಗಿ, ಯಾರಿಗೆ ಜಾಗ ಬಿಟ್ಟು ಅಲ್ಲಿಗೆ ತಲುಪುತ್ತದೆ ಎಂಬುದರಲ್ಲೇ ಅದರ ಸೊಗಸೆಲ್ಲ ಇರುವುದು.

ಕಾಯಿಯ ದಾರಿಯನ್ನೇ ಕಲೆ ಮಾಡಿದ ನೆಲ ನಮ್ಮದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಚದುರಂಗದ ವಿನೋದಕ್ಕೂ ಜಾಗ ಕೊಟ್ಟ. ಕುದುರೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿ ಬರುವ ಕ್ರಮ ಅಲ್ಲಿದೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇನ್ನೂ ಮುಂದೆ ಹೋದರು. ಹನ್ನೆರಡಕ್ಕೆ ಹನ್ನೆರಡರ ಹಲಗೆಯ 144 ಮನೆಗಳಲ್ಲಿ ಅವರು ನಡೆಸಿದ ಕುದುರೆಯ ಹೆಜ್ಜೆಗಳಿಗೆ ಕ್ರಮವಾಗಿ ಅಂಕಿ ಹಾಕಿ ಕೂಡಿದರೆ, ಯಾವ ಅಡ್ಡಸಾಲು ಹಿಡಿದರೂ ಯಾವ ಕಂಬಸಾಲು ಹಿಡಿದರೂ ಮೊತ್ತ 870! ಎಂಟಕ್ಕೆ ಎಂಟರ ಹಲಗೆಯಲ್ಲಿ ಕರ್ಣಗಳ ಮೊತ್ತವೂ ಸರಿಹೊಂದುವಂಥ ಸುತ್ತು ಅಸಾಧ್ಯವೆಂದು ಕಂಪ್ಯೂಟರುಗಳು ತೋರಿಸಿದ್ದು 2003ರಲ್ಲಿ. ಅರಸರ ಕೈಯಲ್ಲಿದ್ದದ್ದು ತಾಳ್ಮೆಯೊಂದೇ.

ಇನ್ನು, ಜಗತ್ತು 'ಇಂಡಿಯನ್' ಎಂದೇ ಕರೆಯುವ ತಂತ್ರ. ದಿಲ್ಲಿಯಲ್ಲಿ ಪಾದ್ರಿಯಾಗಿದ್ದ ಹೆನ್ರಿ ಲವ್‌ಡೇ 'ಶಾಗಿರ್ದ್' ಎಂಬ ಹೆಸರಿನಲ್ಲಿ ಕಳಿಸಿದ ನಾಲ್ಕು ನಡೆಯ ಸಮಸ್ಯೆ 1845ರಲ್ಲಿ ಲಂಡನ್ನಿನಲ್ಲಿ ಸ್ಟಾಂಟನ್ನರ ಚದುರಂಗ ಪತ್ರಿಕೆಯಲ್ಲಿ ಅಚ್ಚಾಯಿತು. ಕಪ್ಪು ರಾಜನಿಗೆ ನಡೆಗಳೇ ಮುಗಿಯುತ್ತಿವೆ; ಬಿಗಿ ಹೆಚ್ಚಾದರೆ ಸ್ಟೇಲ್‌ಮೇಟ್, ಗೆಲುವು ಕೈಜಾರುತ್ತದೆ. ಬಿಳಿಯ ಒಂಟೆ ರಾಜನ ಮೇಲೆರಗದೆ ದೂರದ ಸಿ1ಕ್ಕೆ ಹೋಗಿ ಕೂರುತ್ತದೆ. ಬಳಿಕ ಬಿಳಿಯ ಆನೆ ಡಿ2ಕ್ಕೆ ಬಂದು ತನ್ನದೇ ಒಂಟೆಯ ದಾರಿಗೆ ಅಡ್ಡ ನಿಲ್ಲುತ್ತದೆ. ಬಿಗಿ ಸಡಿಲವಾಯಿತು, ರಾಜ ಎಫ್4ಕ್ಕೆ ಕಾಲಿಡಲೇಬೇಕು. ಆಗ ಆನೆ ಡಿ4ಕ್ಕೆ ಜಿಗಿಯುತ್ತದೆ. ಆನೆಯ ಚೆಕ್ಕು, ತೆರೆದ ದಾರಿಯಲ್ಲಿ ಒಂಟೆಯ ಚೆಕ್ಕು, ಎರಡೂ ಒಟ್ಟಿಗೆ, ಮೇಟ್. ಡಿ2ನ್ನು ದಾಟಿ ಹಿಂದೆ ಸರಿದ ಒಂಟೆಯ ಆ ಮೊದಲ ನಡೆಯ ಅರ್ಥ ಕೊನೆಯ ನಡೆಯಲ್ಲಿ ತಿಳಿಯುತ್ತದೆ. ಮೂಲ ರಚನೆಗೆ ಬೇರೆ ಪರಿಹಾರಗಳೂ ಇದ್ದವು, ಆ ದೋಷ ನಿಜ. ಆದರೂ 1903ರಲ್ಲಿ ಜರ್ಮನಿಯ ಕೋಟ್ಜ್ ಮತ್ತು ಕೊಕೆಲ್‌ಕಾರ್ನ್ ಈ ಒಂದು ವಿಚಾರದ ಮೇಲೆ ಇಡೀ ಪುಸ್ತಕವನ್ನೇ ಬರೆದರು.

ಶಾಗಿರ್ದನ ಸಮಸ್ಯೆ ಅಚ್ಚಾದ ಮೇಲೆ ಯುರೋಪಿನಲ್ಲಿ ಇಂಥ ತಂತ್ರಗಳ ಸುಗ್ಗಿ. 1861ರಲ್ಲಿ ಫ್ರಾಂಕ್ ಹೀಲಿಯ ಬ್ರಿಸ್ಟಲ್ ಸಮಸ್ಯೆಯಲ್ಲಿ ಆನೆ ಹಲಗೆಯ ಮೂಲೆಗೆ ಓಡುವುದು ರಾಣಿಗೆ ಅದೇ ಸಾಲು ತೆರವಾಗಲಿ ಎಂದು ಮಾತ್ರ.

ನಾವೇನು ಮಾಡಿದೆವು? ಮಕ್ಕಳ ತರಬೇತಿಯಲ್ಲಿ ಸಮಸ್ಯೆಯೆಂದರೆ ಗಡಿಯಾರ ನೋಡುತ್ತ ಬಿಡಿಸುವ ಅಭ್ಯಾಸವಾಗಿದೆ. ರೇಟಿಂಗ್ ಏರಲು ಅದು ಬೇಕು, ತಕರಾರಿಲ್ಲ. ಆದರೆ ರಚಿಸುವುದನ್ನು ಕಲಿಸದೆ ಬಿಟ್ಟದ್ದು ದೊಡ್ಡ ನಷ್ಟ. ಸಮಸ್ಯಾಪೂರಣಕ್ಕೆ ಅವಧಾನಿಯ ಮುಂದೆ ಗಂಟೆಗಟ್ಟಲೆ ಕೂರುವ ಕನ್ನಡ, ತೆಲುಗು ರಸಿಕರಿಗೆ ಈ ಕಲೆಯ ರುಚಿ ಹತ್ತದೆ ಇರದು.

ಹೈದರಾಬಾದಿನ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಜಾಗದಲ್ಲಿ ತಿಂಗಳಿಗೊಂದು ಸಂಜೆ ಹಲಗೆ ಹರಡಿದರೂ ಸಾಕು, ಕೆಲಸ ಶುರುವಾಗುತ್ತದೆ. ಕನ್ನಡ ಪತ್ರಿಕೆಗಳು ಪದಬಂಧ, ಸುಡೊಕುಗಳ ಪಕ್ಕದಲ್ಲಿ ವಾರಕ್ಕೊಂದು ಸಮಸ್ಯೆ ಅಚ್ಚು ಹಾಕಲಿ, ರಚಿಸಿದವರ ಹೆಸರಿನ ಸಮೇತ.