ಫಾರ್ಮ್ಯಾಟ್ ಹೊಡೆದರೂ ಹೋಗದ ವೈರಸ್

ನಮ್ಮವರ ಮನೆಯ ಕಂಪ್ಯೂಟರಿಗೆ ವೈರಸ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು: "ಫಾರ್ಮ್ಯಾಟ್ ಹೊಡೆಸಿ." ಮಂಗಳೂರಲ್ಲೂ ಇದೇ ಮಾತು, ಉಪ್ಪ ಅಂಗಡಿ ಇಟ್ಟಿರುವ ಕರ್ನೂಲು ಜಿಲ್ಲೆಯ ಈ ಸಿ. ಬೆಳಗಲ್‌ನಲ್ಲೂ ಇದೇ ಮಾತು. ಈ ಮದ್ದಿನ ಮೇಲೆ ನನಗೆ ನಂಬಿಕೆ ಇಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಪಂಪಿನ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಹೊಸತು ಹಾಕುವ ಮೊದಲು ಶಾಫ್ಟ್ ನೆಟ್ಟಗುಂಟಾ, ನೀರು ಎಲ್ಲಿಂದ ಒಳಗೆ ನುಗ್ಗುತ್ತಿದೆ ಎಂದು ನೋಡುತ್ತೇವೆ. ಕಂಪ್ಯೂಟರಿನಲ್ಲಿ ಹಾಗೆ ಯಾರೂ ನೋಡುವುದಿಲ್ಲ. ಇಲ್ಲಿ ಪರಿಚಯದ ಒಂದು ಮನೆಯ ಕಂಪ್ಯೂಟರ್ ಒಂದೇ ವರ್ಷದಲ್ಲಿ ಎರಡು ಸಲ ಫಾರ್ಮ್ಯಾಟ್ ಆಯಿತು. ಮೊದಲನೆಯದರಲ್ಲಿ ಮಗಳ ಮದುವೆಯ ಫೋಟೋ ಹೋಯಿತು. ಅಂಗಡಿಯ ಹುಡುಗ ಹಾಕಿಕೊಟ್ಟದ್ದು ಕಳ್ಳ ವಿಂಡೋಸ್. ಅದನ್ನು ಆಕ್ಟಿವೇಟ್ ಮಾಡಲು ಒಂದು ಕ್ರ್ಯಾಕ್, ಕ್ರ್ಯಾಕ್ ಓಡಲು ಆಂಟಿವೈರಸ್ ಆಫ್. ಮತ್ತೆ ವೈರಸ್ ಬಾರದೆ ಇನ್ನೇನು?

ಮಕ್ಕಳು ಇಳಿಸುವ ಗೇಮಿನದ್ದೂ ಇದೇ ಕತೆ. ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿರುತ್ತಾರೆ, ಯಾಕೆಂದರೆ ಒಳಗೇನಿದೆ ಎಂದು ಆಂಟಿವೈರಸ್‌ಗೆ ಕಾಣಬಾರದು. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ "ಸ್ಟಾಪ್" ಎಂಬ ರಾನ್ಸಮ್‌ವೇರ್ ಹೆಚ್ಚಾಗಿ ಮನೆಗಳಿಗೆ ಬಂದದ್ದು ಇಂಥ ಕ್ರ್ಯಾಕ್‌ಗಳ ಬೆನ್ನೇರಿಯೇ. ಅರ್ಧ ಬೆಲೆಗೆ ಕದ್ದ ಮಾಲು ಬಂದರೆ ಉಪ್ಪ ಅಂಗಡಿಯ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಸಾಫ್ಟ್‌ವೇರಿಗೆ ಮಾತ್ರ ನಮ್ಮಲ್ಲಿ ಬೇರೆ ನ್ಯಾಯ. ಬರೆಯಲು ಲಿಬ್ರೆ ಆಫೀಸ್, ಕನ್ನಡಕ್ಕೆ ನುಡಿ, ಎರಡೂ ಪುಕ್ಕಟೆ ಸಿಗುತ್ತವೆ ಮಾರಾಯ್ರೆ!

ಅಪ್ಡೇಟ್ ನಿಲ್ಲಿಸಿಡುವುದು ಇನ್ನೊಂದು ಬಾಗಿಲು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದಾಗ ಆಂಧ್ರದ ಪೊಲೀಸರ ಕೆಲವು ಕಂಪ್ಯೂಟರುಗಳಿಗೂ ಅದು ತಗಲಿತ್ತು. ಆ ತೂತು ಮುಚ್ಚುವ ಅಪ್ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಾಗಿತ್ತು.

ಹಾಗಾದರೆ ಬಂದದ್ದನ್ನು ಓಡಿಸುವುದು ಹೇಗೆ? ಮೊದಲು ಇಂಟರ್‌ನೆಟ್ ತೆಗೆಯಿರಿ. ಮೊಂಡು ವೈರಸ್ ವಿಂಡೋಸ್ ಜೊತೆಗೇ ಎದ್ದು ಕೂರುತ್ತದೆ. ಅದು ಎಚ್ಚರ ಇರುವಾಗ ಅಳಿಸಲು ಹೋದರೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್ ಒಳಗೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂದು ಉಂಟು. ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಸುಮಾರು 15 ನಿಮಿಷದ ಕೆಲಸ. ಅಳಿಸಿದ ಮೇಲೂ ಮರಳಿ ಬಂದರೆ ಟಾಸ್ಕ್ ಶೆಡ್ಯೂಲರ್ ಮತ್ತು ಬ್ರೌಸರಿನ ಎಕ್ಸ್‌ಟೆನ್ಷನ್ ನೋಡಿ, ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ. ಕೇಂದ್ರ ಸರಕಾರ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರವೂ ವೈರಸ್ ತೆಗೆಯುವ ಟೂಲುಗಳನ್ನು ಉಚಿತವಾಗಿ ಕೊಡುತ್ತದೆ. ಪೆನ್‌ಡ್ರೈವ್‌ನಲ್ಲಿ ಫೈಲೆಲ್ಲ ಹೋಗಿ ಬರೀ ಶಾರ್ಟ್‌ಕಟ್ ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಆ ವೈರಸ್ ಫೈಲುಗಳನ್ನು ಅಳಿಸಿರುವುದಿಲ್ಲ, ಅಡಗಿಸಿಟ್ಟಿರುತ್ತದೆ. ಫಾರ್ಮ್ಯಾಟ್ ಹೊಡೆದು ನಾವೇ ಅಳಿಸುತ್ತೇವೆ.

ಕೆಲವೊಮ್ಮೆ ಫಾರ್ಮ್ಯಾಟ್ ಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮೊದಲು ಫೋಟೋ, ಕಾಗದಪತ್ರ ತೆಗೆದಿಡಿ, ಹಾಕುವ ವಿಂಡೋಸ್ ಅಸಲಿ ಇರಲಿ.

ನಮ್ಮ ಮನೆಗಳಲ್ಲಿ ಯಾರೂ ಯೋಚಿಸದ ವಿಷಯ ಇನ್ನೊಂದುಂಟು. ಗಲ್ಫಿನಿಂದ ಬರುವ ದುಡ್ಡಿನ ಬ್ಯಾಂಕ್ ಖಾತೆ, ಪಾಸ್‌ಪೋರ್ಟಿನ ಸ್ಕ್ಯಾನ್, ಎಲ್ಲ ಅದೇ ಕಂಪ್ಯೂಟರಿನಲ್ಲಿ. ಪಾಸ್‌ವರ್ಡುಗಳು ಬ್ರೌಸರಿನಲ್ಲೇ ಸೇವ್ ಆಗಿರುತ್ತವೆ. ಈಗಿನ ಎಷ್ಟೋ ವೈರಸ್‌ಗಳ ಕೆಲಸವೇ ಅವನ್ನು ಗುಡಿಸಿ ಹೊರಗೆ ಕಳಿಸುವುದು. ಕಂಪ್ಯೂಟರ್ ಎಷ್ಟು ತೊಳೆದರೂ ಹೋದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ. ಬೇರೆ ಶುದ್ಧ ಫೋನಿನಿಂದ ಮೊದಲು ಇಮೇಲಿನದ್ದು, ಆಮೇಲೆ ಬ್ಯಾಂಕಿನದ್ದು ಬದಲಾಯಿಸಿ. ಎಲ್ಲ ಕಡೆಯಿಂದ ಲಾಗ್‌ಔಟ್ ಕೊಡಿ. ಗಲ್ಫಿನಲ್ಲಿರುವವರಿಗೂ ಅವತ್ತೇ ತಿಳಿಸಿ, ನಿಮ್ಮ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿಯಾರು. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.