ಜ್ವರ ಇಳಿದ ಮೇಲಿನ ಎಚ್ಚರ

ಜ್ವರ ಇಳಿಯಿತೆಂದರೆ ರೋಗವೇ ತೊಲಗಿತೆಂದು ನಾವು ಭಾವಿಸುತ್ತೇವೆ. ಲಕ್ಷಣ ಬೇರೆ, ರೋಗ ಬೇರೆ. ಈ ಭೇದವನ್ನು ಮರೆತಾಗ ಒದಗುವ ಅಪಾಯಕ್ಕೆ ಫ್ಲೂ ಜ್ವರವೇ ನಿದರ್ಶನ.

1918ರ ಫ್ಲೂ ಮಹಾಮಾರಿಗೆ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಅಂದು ಮಡಿದವರ ಶ್ವಾಸಕೋಶದ ಅಂಗಾಂಶಗಳನ್ನು ಪರೀಕ್ಷಿಸಿ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ವರದಿಯಂತೆ, ಬಹುಪಾಲು ಸಾವುಗಳಿಗೆ ವೈರಸ್ಸಿನ ಬೆನ್ನಲ್ಲೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಾರಣವಾಗಿತ್ತು.

ಶ್ವಾಸನಾಳದ ಒಳಪೊರೆಯಲ್ಲಿರುವ ಸೂಕ್ಷ್ಮ ರೋಮಗಳು ಕಫವನ್ನೂ ಧೂಳನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ವೈರಸ್ಸು ಈ ಕಾವಲನ್ನು ಕೆಡಹುತ್ತದೆ. ಗಂಟಲಲ್ಲಿ ನಿರಪಾಯವಾಗಿದ್ದ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಆಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಆದುದರಿಂದ, ಚೇತರಿಸಿಕೊಳ್ಳುತ್ತಿದ್ದವರಲ್ಲಿ ಮತ್ತೆ ಜ್ವರ, ನಡುಕ, ತುಕ್ಕುಬಣ್ಣದ ಕಫ, ಎದೆನೋವು, ಏದುಸಿರು ಕಾಣಿಸಿಕೊಂಡರೆ ಕಷಾಯವನ್ನು ನಂಬಿ ಕುಳಿತುಕೊಳ್ಳದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ವೃದ್ಧರಲ್ಲಿ ಜ್ವರವಿಲ್ಲದೆ ಬರಿಯ ಮಂಕು ಕವಿಯುವುದೂ ಉಂಟು. ಇತ್ತ, ಮೊದಲ ದಿನವೇ ಔಷಧದಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುವುದೂ ತರವಲ್ಲ. ಅದು ವೈರಸ್ಸನ್ನು ಕೊಲ್ಲದು. ಹಿರಿಯರಿಗೆ ಫ್ಲೂ ಹಾಗೂ ನ್ಯುಮೋಕಾಕಸ್ ಲಸಿಕೆಗಳ ಕುರಿತು ವೈದ್ಯರನ್ನು ವಿಚಾರಿಸುವುದು ಲೇಸು.

ನಮ್ಮ ಮನೆಗಳಲ್ಲಿ ಜ್ವರ ಬಿಟ್ಟ ಮರುದಿನವೇ ತಾಯಿ ಒಲೆಯ ಮುಂದೆ ನಿಲ್ಲುತ್ತಾಳೆ, ತಂದೆ ಕೂಲಿಗೆ ಹೊರಡುತ್ತಾನೆ. ಅವರು ಹಾಗೆ ಎದ್ದು ನಿಂತುದನ್ನು ನಾವು ಧೈರ್ಯವೆಂದು ಹೊಗಳುತ್ತೇವೆ. ಹೊಗಳಿಕೆಯ ಬದಲು ಕೆಲವು ದಿನಗಳ ವಿಶ್ರಾಂತಿಯನ್ನು ದೊರಕಿಸಿಕೊಡುವುದು ಮನೆಮಂದಿಯ ಕರ್ತವ್ಯ. ನೆರೆಯವರು ಒಂದು ಹೊತ್ತಿನ ಗಂಜಿ ತಲಪಿಸಿದರೂ ಆ ವಿಶ್ರಾಂತಿ ಸಾಧ್ಯವಾದೀತು.